ನನ್ನ ವಿಮಾನಕ್ಕೊಬ್ಬ ಮೆಕ್ಯಾನಿಕ್

ನನ್ನ ವಿಮಾನವನ್ನು ಯಾರ ಕೈಗೆ ಕೊಡಬೇಕು ಎಂದು ನನಗೆ ಹೇಳಲು ನನ್ನ ಮಗಳು ಯಾರು? ಈ ಪ್ರಶ್ನೆಯನ್ನು ನಾನು ಅಡುಗೆಮನೆಯ ನಡುವೆ ನಿಂತು ಎಷ್ಟು ಜೋರಾಗಿ ಕೇಳಿದೆನೆಂದರೆ ಪಕ್ಕದ ಮನೆಯವರು ದಡಾರನೆ ಕಿಟಕಿ ಮುಚ್ಚಿಕೊಂಡರು. ಮುಚ್ಚಿಕೊಳ್ಳಲಿ. ಅವರ ನಾಯಿ ಬೊಗಳುವಾಗ ನಾನು ಮುಚ್ಚಿಕೊಳ್ಳುವುದಿಲ್ಲವೇ?

"ಅಪ್ಪ, ಕೂಗ್ಬೇಡ. ನಾನು ಹೇಳಿದ್ದು ಇಷ್ಟೇ. ಈ ವರ್ಷದ ತಪಾಸಣೆ ಆಯ್ತಪ್ಪನ ಹತ್ರ ಬೇಡ, ಇಲ್ಲಮ್ಮನ ಹತ್ರ ಮಾಡ್ಸು," ಎಂದಳು ಮಗಳು.

"ಯಾಕೆ? ಏನು ಧಾಡಿ ಆಯ್ತಪ್ಪನಿಗೆ?"

"ಅವನಿಗೇನೂ ಇಲ್ಲ. ಅವನು ನೋಡಿದ ಯಾವ ವಿಮಾನಕ್ಕೂ ಏನೂ ಇರಲ್ಲ. ಅದೇ ನನ್ನ ತಕರಾರು."

ಸ್ವಂತದ ಪುಟ್ಟ ವಿಮಾನ ಇಟ್ಟುಕೊಂಡವರ ಪಾಡು ನಿಮಗೆ ಗೊತ್ತಿರಲಿಕ್ಕಿಲ್ಲ. ವರ್ಷಕ್ಕೊಮ್ಮೆ ಅದನ್ನು ಮೆಕ್ಯಾನಿಕ್ಕಿನ ಮುಂದೆ ಬಿಚ್ಚಿ ಹರವಬೇಕು. ಮೂಗಿನಿಂದ ಬಾಲದವರೆಗೆ ನೋಡಿ 'ಹಾರಬಹುದು' ಎಂದು ಅವರು ಸಹಿ ಹಾಕಬೇಕು. ಸಹಿ ಬೀಳಲಿಲ್ಲವೋ, ವಿಮಾನ ಶೆಡ್ಡಿನಲ್ಲಿ ಧೂಳು ತಿನ್ನುತ್ತಾ ಬಿದ್ದಿರಬೇಕು. ನಮ್ಮ ನಿಲ್ದಾಣವೇನೂ ದೊಡ್ಡದಲ್ಲ. ಒಂದು ರನ್‌ವೇ, ಅದರ ಪಕ್ಕಕ್ಕೆ ಸಾಲಾಗಿ ತಗಡಿನ ಶೆಡ್ಡುಗಳು, ನೆಟ್ಟಗೆ ಟೀ ಮಾಡಲು ಬಾರದ ಒಂದು ಕ್ಯಾಂಟೀನು. ಅಲ್ಲಿ ಈ ಸಹಿ ಹಾಕುವ ಹಕ್ಕು ಇರುವುದು ಇಬ್ಬರಿಗೇ.

ಒಬ್ಬ ಆಯ್ತಪ್ಪ. ಏನು ಹೇಳಿದರೂ 'ಆಯ್ತು ಸಾರ್, ಆಯ್ತು' ಎನ್ನುತ್ತಾನಾದ್ದರಿಂದ ಎಲ್ಲರೂ ಸೇರಿ ಇಟ್ಟ ಹೆಸರು. ಬೆಳಿಗ್ಗೆ ವಿಮಾನ ಕೊಟ್ಟರೆ ಸಂಜೆಗೆ ವಾಪಸ್. ನಗುಮುಖ, ಒಳ್ಳೆಯ ಮಾತು. ಇನ್ನೊಬ್ಬಳು ಇಲ್ಲಮ್ಮ. 'ಹಾರಬಹುದಾ?' ಎಂದು ಕೇಳಿದರೆ ತಲೆ ಕೂಡ ಎತ್ತದೆ 'ಇಲ್ಲ' ಎನ್ನುವ ಮಹಾತಾಯಿ. ಸಾಲಿನ ಕೊನೆಯ ಶೆಡ್ಡು ಅವಳದು. ವಕೀಲರೊಬ್ಬರು ತಮ್ಮ ವಿಮಾನವನ್ನು ಅಲ್ಲಿಗೆ ಒಯ್ದಿದ್ದರು. ರೆಕ್ಕೆ ಬಿಚ್ಚಿಸಿದಳು, ಒಳಗಿನ ತುಕ್ಕು ತೋರಿಸಿದಳು, ಕೋರ್ಟಿನಲ್ಲಿ ಯಾರಿಗೂ ಸೋಲದ ಮನುಷ್ಯನ ಬಾಯಿ ಮುಚ್ಚಿಸಿದಳು. ಆ ವಕೀಲರು ಈಗ ಭಾನುವಾರಗಳಲ್ಲಿ ಕೆರೆ ದಂಡೆಯ ಮೇಲೆ ಗಾಳ ಹಿಡಿದು ಕೂತಿರುತ್ತಾರೆ.

ಮಗಳ ಲೆಕ್ಕಾಚಾರ ನನಗೆ ಅರ್ಥವಾಗದ್ದೇನಲ್ಲ.

"ನಿನ್ನ ಹೊಟ್ಟೇಲಿರೋದು ನಂಗೊತ್ತು ಕಣೇ. ಇಲ್ಲಮ್ಮ ನನ್ನ ವಿಮಾನಕ್ಕೂ 'ಇಲ್ಲ' ಅಂದ್ಬಿಡ್ಲಿ, ಮುದುಕ ತೆಪ್ಪಗೆ ಮನೇಲಿ ಬಿದ್ದಿರ್ಲಿ ಅಂತ ತಾನೆ?"

"ಹೌದು," ಎಂದಳು ಅವಳು. ಕಣ್ಣು ಕೂಡ ಮಿಟುಕಿಸಲಿಲ್ಲ. "ಅದಕ್ಕೇ. ನಿಂಗೆ ವಯಸ್ಸಾಯ್ತು ಅಂದ್ರೆ ನೀನು ಕೇಳಲ್ಲ. ವಿಮಾನಕ್ಕೆ ವಯಸ್ಸಾಯ್ತು ಅಂತ ಯಾರಾದ್ರೂ ಹೇಳಿದ್ರೆ ಕೇಳ್ತೀಯೇನೋ ಅಂತ."

ನೋಡಿ, ಸುಳ್ಳು ಹೇಳುವ ಮರ್ಯಾದೆ ಕೂಡ ಇಲ್ಲ! ಅವಳದೂ ನನ್ನದೂ ಒಂದೇ ಬಾಯಿ. ಅವಳಿಗೆ ಮಾತು ಬಂದ ದಿನದಿಂದ ನಾವು ಜಗಳವಾಡುತ್ತಲೇ ಇದ್ದೇವೆ. ಶಾಲೆಯ ಬೂಟಿನಿಂದ ಹಿಡಿದು ಅವಳ ಮದುವೆಯವರೆಗೆ, ಮದುವೆಯಿಂದ ಹಿಡಿದು ನನ್ನ ಅಂಗಡಿಯವರೆಗೆ. ಹಾಸಿಗೆ ಮಾಡಿ ಮಾರುವ ಅಂಗಡಿ ನನ್ನದು. ಊರಿಗೆ ಊರೇ ಹಾಯಾಗಿ ಮಲಗುವಂತೆ ಮಾಡಿದವನು ನಾನು. ಈಗ ಅದನ್ನು ಅಳಿಯ ನೋಡಿಕೊಳ್ಳುತ್ತಾನೆ. ನನಗೆ ಉಳಿದಿರುವುದು ವಿಮಾನವೊಂದೇ. ಅದನ್ನೂ ಕಿತ್ತುಕೊಳ್ಳಲು ಹೊರಟಿದ್ದಾಳೆ ಈ ಮಾರಾಯ್ತಿ.

ನನ್ನ ಮೊಮ್ಮಗಳು ಪುಟ್ಟಿ ಮೇಜಿನ ಕೆಳಗಿಂದ ತಲೆ ಹೊರಗೆ ಹಾಕಿದಳು. "ತಾತ, ಹಾಗಾದ್ರೆ ನನ್ನ ಯಾವಾಗ ಕರ್ಕೊಂಡ್ ಹೋಗ್ತೀಯಾ ಮೇಲೆ?"

ನನ್ನ ಸಂಕಟವೆಲ್ಲ ಅದೇ. ಈ ಮಗು ಹುಟ್ಟಿದಾಗಿನಿಂದ ನಾನು ಕಾಯುತ್ತಿರುವುದು ಅದನ್ನೇ. ಪಕ್ಕದ ಸೀಟಿನಲ್ಲಿ ಅವಳನ್ನು ಕೂರಿಸಿಕೊಂಡು ಮೇಲೆ ಹೋಗಿ, 'ನೋಡು, ಅದೇ ನಿನ್ನ ಮನೆ' ಎಂದು ತೋರಿಸಬೇಕು. ಅವಳ ತಾಯಿ ಒಪ್ಪುವುದಿಲ್ಲ. ಕೇಳಿದಾಗಲೆಲ್ಲ ಒಂದೊಂದು ನೆಪ.

"ಸರಿ, ಒಂದು ಮಾತು," ಎಂದಳು ಮಗಳು, ಪುಟ್ಟಿಯ ತಲೆ ಸವರುತ್ತಾ. "ಇಲ್ಲಮ್ಮ ನೋಡ್ಲಿ. ಅವರು ವಿಮಾನ ಚೆನ್ನಾಗಿದೆ ಅಂದ್ರೆ ಇವಳನ್ನ ನಾನೇ ಕೈಯಾರೆ ನಿನ್ನ ಪಕ್ಕ ಕೂರಿಸ್ತೀನಿ. ಇನ್ನು ಮೇಲೆ ತುಟಿ ಪಿಟಕ್ ಅನ್ನಲ್ಲ. ಸರಿಯಿಲ್ಲ ಅಂದ್ರೆ ನೀನು ವಿಮಾನ ಮಾರ್ಬೇಕು. ಮಾತಂದ್ರೆ ಮಾತು."

"ರೀ, ಸ್ವಲ್ಪ ಯೋಚ್ನೆ ಮಾಡಿ ಹೇಳಿ," ಎಂದಳು ನನ್ನ ಹೆಂಡತಿ, ಪಾತ್ರೆ ತೊಳೆಯುತ್ತಿದ್ದವಳು.

"ಯೋಚ್ನೆ ಏನು ಬಂತು ಮಣ್ಣು! ಒಪ್ಪಿದೆ. ಆ ಇಲ್ಲಮ್ಮ ಅಲ್ಲ, ಅವಳಪ್ಪ ಬಂದ್ರೂ ನನ್ನ ವಿಮಾನದಲ್ಲಿ ಒಂದು ಐಬು ತೋರ್ಸೋಕಾಗಲ್ಲ."

"ತೋರಿಸಿದ್ರೆ ಆಮೇಲೆ ನನ್ನ ತಲೆ ತಿನ್ನಬೇಡಿ," ಎಂದು ಅವಳು ನಲ್ಲಿ ನಿಲ್ಲಿಸಿದಳು.

ಮಾತು ಕೊಟ್ಟಿದ್ದೇನೋ ಆಯಿತು. ಆದರೆ ಬೆಳಗಾಗುವಷ್ಟರಲ್ಲಿ ಒಂದು ಯೋಚನೆ ತಲೆಗೆ ಹೊಕ್ಕಿತು. ಇಲ್ಲಮ್ಮ ನೋಡುವ ಮೊದಲೇ ನಮ್ಮವನೊಬ್ಬ ನೋಡಿ, ಏನಾದರೂ ಇದ್ದರೆ ಸರಿ ಮಾಡಿಬಿಟ್ಟರೆ ಒಳ್ಳೆಯದಲ್ಲವೇ? ತಿಂಡಿಯನ್ನೂ ತಿನ್ನದೆ ನಿಲ್ದಾಣಕ್ಕೆ ಹೋದೆ. ಆಯ್ತಪ್ಪ ಕ್ಯಾಂಟೀನಿನ ಬೆಂಚಿನ ಮೇಲೆ ಕಾಲು ಚಾಚಿ ಕೂತು ಬ್ರೆಡ್ಡು ತಿನ್ನುತ್ತಿದ್ದ. ಎಬ್ಬಿಸಿಕೊಂಡು ನನ್ನ ಶೆಡ್ಡಿಗೆ ಕರೆತಂದೆ.

ಅವನು ವಿಮಾನವನ್ನು ಒಂದು ಸುತ್ತು ಹಾಕಿದ. ರೆಕ್ಕೆಯ ಮೇಲೆ ಒಮ್ಮೆ ತಟ್ಟಿದ. ಟೈರಿಗೆ ಕಾಲಿನಿಂದ ಮೆಲ್ಲಗೆ ಒದ್ದ. ಪ್ರೊಪೆಲ್ಲರಿನ ಮೇಲೆ ಕೈಯಾಡಿಸಿದ. ಆಮೇಲೆ ಕೈಗಂಟಿದ ಬ್ರೆಡ್ಡಿನ ಪುಡಿಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಆಯ್ತು ಸಾರ್."

"ಏನಯ್ಯಾ ಆಯ್ತು?"

"ಎಲ್ಲಾ ಚೆನ್ನಾಗಿದೆ ಸಾರ್. ಈಗ್ಲೇ ಬೇಕಾದ್ರೆ ಸಹಿ ಹಾಕ್ಬಿಡ್ಲಾ?"

"ಇಷ್ಟೇನಾ? ಎಂಜಿನ್ ಮುಚ್ಚಳ ತೆಗೆಯಲ್ವಾ? ಸೀಟಿನ ಕೆಳಗೆ ನೋಡಲ್ವಾ? ಬಾಲದ ಕಡೆ ಬಗ್ಗಿ ಕೂಡ ನೋಡ್ಲಿಲ್ವಲ್ಲಯ್ಯಾ!"

"ಅದೆಲ್ಲಾ ಯಾಕೆ ಸಾರ್? ನಿಮ್ಮ ವಿಮಾನ ನಂಗೊತ್ತಿಲ್ವಾ?"

"ಇಷ್ಟು ವರ್ಷ ನೀನು ಮಾಡಿದ್ದು ಇದನ್ನೇನಾ?"

ಅವನಿಗೆ ನಿಜವಾಗಿಯೂ ಬೇಜಾರಾಯಿತು. ಮುಖ ಸಣ್ಣದು ಮಾಡಿಕೊಂಡ. "ನೀವು ಕೇಳಿದ್ದೂ ಇದನ್ನೇ ಅಲ್ವಾ ಸಾರ್? ಬೇಗ ಮಾಡು, ಇವತ್ತೇ ಮಾಡು, ಬಿಸಿಲು ಚೆನ್ನಾಗಿದೆ, ಸಂಜೆ ಒಂದು ಸುತ್ತು ಹೋಗ್ಬೇಕು ಅಂತ ನನ್ನ ಬೆನ್ನ ಹಿಂದೇನೇ ನಿಂತಿರ್ತಿದ್ರಿ. ಒಂದು ವರ್ಷ ಎಂಜಿನ್ ಮುಚ್ಚಳ ತೆಗೆದಿದ್ದಕ್ಕೆ ಎಷ್ಟು ಬೈದ್ರಿ, ಮರ್ತೋಯ್ತಾ?"

ಮೈಯೆಲ್ಲ ಉರಿದುಹೋಯಿತು. ತನ್ನ ಮೈಗಳ್ಳತನವನ್ನು ನನ್ನ ತಲೆಗೆ ಕಟ್ಟುತ್ತಾನಲ್ಲ, ಈ ಬೆಣ್ಣೆ ಮಾತಿನ ಮನುಷ್ಯ! ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಅವನು ಅದಕ್ಕೂ 'ಆಯ್ತು ಸಾರ್' ಎಂದ. ಬೈಗುಳವನ್ನು ಕೂಡ ನೆಟ್ಟಗೆ ತೆಗೆದುಕೊಳ್ಳಲು ಬಾರದವನ ಹತ್ತಿರ ಜಗಳವಾಡಿ ಏನು ಪ್ರಯೋಜನ? ಅವನನ್ನು ಅವನ ಬ್ರೆಡ್ಡಿನ ಹತ್ತಿರ ಅಟ್ಟಿ, ವಿಮಾನದ ಬಾಗಿಲಿಗೆ ಒರಗಿ ನಿಂತೆ. ಮೊದಲ ಸಲ ಹೆದರಿಕೆಯಾಯಿತು. ಹೊರಗೆ ನಾನು ಹೊಳೆಯುವಂತೆ ಒರೆಸಿಟ್ಟಿದ್ದ ಈ ತಗಡಿನ ಒಳಗೆ ಏನೇನು ತುಕ್ಕು ಹಿಡಿದು ಕೂತಿದೆಯೋ ಎಂದು ಯಾರಿಗೂ ಗೊತ್ತಿರಲಿಲ್ಲ.

ಆದರೆ ಮಾತು ಕೊಟ್ಟಾಗಿತ್ತು. ಮಾರನೆಯ ದಿನ ವಿಮಾನವನ್ನು ತಳ್ಳಿಸಿಕೊಂಡು ಕೊನೆಯ ಶೆಡ್ಡಿಗೆ ಹೋದೆ.

ಇಲ್ಲಮ್ಮನಿಗೆ ನನ್ನ ಮಗಳಿಗಿಂತ ಸ್ವಲ್ಪ ಹೆಚ್ಚು ವಯಸ್ಸು. ಗಿಡ್ಡ ಕೂದಲು, ಮೊಣಕೈವರೆಗೆ ಮಡಚಿದ ಅಂಗಿ, ಕಿವಿಯ ಮೇಲೆ ಪೆನ್ಸಿಲ್. ಅವಳ ಶೆಡ್ಡಿನ ನೆಲ ನಮ್ಮ ಅಡುಗೆಮನೆಯ ನೆಲಕ್ಕಿಂತ ಚೊಕ್ಕಟವಾಗಿತ್ತು. ಒಂದು ಗೋಡೆಯ ತುಂಬ ಸ್ಪ್ಯಾನರುಗಳು. ಒಂದೊಂದಕ್ಕೂ ಗೋಡೆಯ ಮೇಲೆ ಅದರದೇ ಆಕಾರದ ಕಪ್ಪು ಗೆರೆ, ಒಂದು ಕಾಣೆಯಾದರೂ ಖಾಲಿ ಆಕಾರ ಎದ್ದು ಕಾಣುವಂತೆ.

"ಬಿಟ್ಟು ಹೋಗ್ತೀನಿ. ಮುಗಿದ ಮೇಲೆ ಹೇಳಿ ಕಳಿಸಿ," ಎಂದೆ.

"ಬಿಟ್ಟು ಹೋಗೋಕೆ ಇದು ಲಾಂಡ್ರಿ ಅಲ್ಲ ಯಜಮಾನ್ರೇ," ಎಂದಳು. "ನನ್ನ ಶೆಡ್ಡಿಗೆ ವಿಮಾನ ಬಂದ್ರೆ ಯಜಮಾನ್ರೂ ಬರ್ಬೇಕು. ಸ್ಕ್ರೂ ಎಲ್ಲಾ ನೀವೇ ಬಿಚ್ಚಿ, ನೀವೇ ಹಾಕಿ. ನೋಡೋದು ಮಾತ್ರ ನಾನು. ನಿಮ್ಮ ವಿಮಾನದ ಹೊಟ್ಟೆ ನೀವೂ ನೋಡ್ಕೊಳ್ಳಿ."

"ಈ ವಯಸ್ಸಲ್ಲಿ ನಾನು ನೆಲದ ಮೇಲೆ ಬಿದ್ಕೊಂಡು ಸ್ಕ್ರೂ ಬಿಚ್ಬೇಕಾ?"

"ಹಾರ್ಸೋಕೆ ಅಡ್ಡ ಬರದ ವಯಸ್ಸು ಸ್ಕ್ರೂ ಬಿಚ್ಚೋಕೆ ಯಾಕೆ ಅಡ್ಡ ಬರತ್ತೆ? ಈ ಸುತ್ತಮುತ್ತ ನನಗಿಂತ ಚೆನ್ನಾಗಿ ನೋಡೋರು ಇಲ್ಲ. ಇದ್ರೆ ಹೇಳಿ, ಅಲ್ಲಿಗೇ ತಗೊಂಡು ಹೋಗಿ."

ಎಂಥ ಜಂಬ! ತಾನಿಲ್ಲದಿದ್ದರೆ ಆಕಾಶವೇ ಕಳಚಿ ಬೀಳುತ್ತದೆ ಎನ್ನುವಂತೆ. ಆ ಹೊತ್ತಿಗೇ ಹಿಂದಕ್ಕೆ ತಿರುಗಬೇಕೆಂದುಕೊಂಡೆ. ಆದರೆ ಮಗಳ ಮುಖ ಕಣ್ಣ ಮುಂದೆ ಬಂತು. ಹಲ್ಲು ಕಚ್ಚಿ ಸ್ಕ್ರೂ ಡ್ರೈವರ್ ಕೈಗೆತ್ತಿಕೊಂಡೆ.

ಆ ವಾರವೆಲ್ಲ ನಾನು ಮಂಡಿಯ ಮೇಲಿದ್ದೆ. ಸೀಟುಗಳು ಹೊರಗೆ ಬಂದವು. ಸೀಟಿನ ಕೆಳಗಿನ ತಗಡುಗಳು ಬಂದವು. ರೆಕ್ಕೆಯ ಹೊಟ್ಟೆಗೆ ಇಷ್ಟೊಂದು ಕಿಂಡಿಗಳಿವೆ ಎಂದು ನನಗೆ ಗೊತ್ತೇ ಇರಲಿಲ್ಲ. ಅವಳು ಉದ್ದ ಕಡ್ಡಿಗೆ ಕಟ್ಟಿದ ಕನ್ನಡಿಯನ್ನು ಒಳಗೆ ತೂರಿಸಿ, ಟಾರ್ಚ್ ಬಿಟ್ಟು, ಉಸಿರು ಬಿಗಿಹಿಡಿದು ನೋಡುವಳು. ಕೇಬಲ್ಲುಗಳನ್ನು ಬಟ್ಟೆಯಲ್ಲಿ ಹಿಡಿದು ಉದ್ದಕ್ಕೂ ಎಳೆಯುವಳು, ಒಂದು ಎಳೆ ತುಂಡಾಗಿದ್ದರೂ ಬಟ್ಟೆಗೆ ಸಿಕ್ಕಿಕೊಳ್ಳಲೆಂದು. ಪ್ರತಿ ಸಲವೂ ನಾನು ಸ್ಕ್ರೂ ಡ್ರೈವರ್ ಹಿಡಿದು ಅವಳ ಮುಖವನ್ನೇ ನೋಡುವೆ. ಪ್ರತಿ ಸಲವೂ ಅವಳು ಕನ್ನಡಿ ಹೊರಗೆ ತೆಗೆದು, "ಹೂಂ," ಎಂದು ಮುಂದಿನ ಕಿಂಡಿಗೆ ಹೋಗುವಳು.

ಬೈಗುಳಕ್ಕೇನೂ ಕಡಿಮೆಯಿರಲಿಲ್ಲ. "ಉದ್ದದ ಸ್ಕ್ರೂ ಕೆಂಪು ಡಬ್ಬಿಗೆ ಅಂತ ಬೆಳಿಗ್ಗೆ ಹೇಳಿದ್ದೆ. ಮತ್ತೆ ನೀಲಿಗೆ ಹಾಕಿದೀರಿ."

"ನಾನು ಹಾಕಿಲ್ಲ. ನೀವೇ ಹಾಕಿರ್ತೀರಿ."

"ಇಲ್ಲಿ ಸ್ಕ್ರೂ ಬಿಚ್ತಿರೋರು ನೀವೊಬ್ರೇ."

"ಹಾಗಾದ್ರೆ ಡಬ್ಬಿ ಬದಲಾಯ್ಸಿರ್ತೀರಿ! ಬೆಳಿಗ್ಗೆಯಿಂದ ನನ್ನ ಮೇಲೆ ಗೂಬೆ ಕೂರ್ಸೋದೇ ಕೆಲಸ ಆಗಿದೆ ನಿಮ್ಗೆ."

ಅವಳು ನನ್ನನ್ನೊಮ್ಮೆ ನೋಡಿದಳು. ಸ್ಕ್ರೂಗಳನ್ನು ತಾನೇ ಬೇರೆ ಮಾಡಿದಳು.

ದಿನ ಕಳೆದಂತೆ ನನ್ನ ಎದೆ ಹಗುರಾಯಿತು. ತುಕ್ಕಿಲ್ಲ, ಬಿರುಕಿಲ್ಲ. ಎಂಜಿನ್ ಗಟ್ಟಿ. ಆಯ್ತಪ್ಪನ ಕೈಯಲ್ಲಿ ಇಷ್ಟು ವರ್ಷ ಬದುಕಿಯೂ ನನ್ನ ವಿಮಾನ ಕಲ್ಲುಗುಂಡಿನಂತಿತ್ತು! ಊಟದ ಹೊತ್ತಿಗೆ ಮಗಳ ಮನೆಗೆ ಫೋನ್ ಮಾಡಿ ಒಂದೊಂದೇ ಹೇಳಿ ಉರಿಸುತ್ತಿದ್ದೆ. 'ಬಲಗಡೆ ರೆಕ್ಕೆ ಪಾಸು. ಮೀನು ಹಿಡಿಯೋಕೆ ಬೇಕಾದ್ರೆ ನೀನೇ ಹೋಗು.' ಅವಳು ಫೋನ್ ಕುಕ್ಕುತ್ತಿದ್ದಳು. ಆ ಸದ್ದು ಕೇಳಿದರೆ ನನಗೆ ಎರಡು ತುತ್ತು ಹೆಚ್ಚಿಗೆ ಇಳಿಯುತ್ತಿತ್ತು. ಶನಿವಾರ ಬೆಳಿಗ್ಗೆ ಎಲ್ಲರೂ ಶೆಡ್ಡಿಗೆ ಬಂದು ತೀರ್ಪು ಕೇಳುವುದೆಂದು ನಿಶ್ಚಯವಾಯಿತು.

ಶನಿವಾರ ನಾನು ಎಲ್ಲರಿಗಿಂತ ಮುಂಚೆ ಹೋದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದೆ. ಸೀಟುಗಳು ಒಳಗೆ ಸೇರಿದ್ದವು, ಎಂಜಿನ್ ಮುಚ್ಚಳ ಕೂತಿತ್ತು. ಇಲ್ಲಮ್ಮ ಬಾಲದ ಹತ್ತಿರ ಒಂದು ಮಣೆ ಹಾಕಿಕೊಂಡು ಕೂತಿದ್ದಳು.

"ಬನ್ನಿ ಯಜಮಾನ್ರೇ. ಮನೆಯವರು ಬರೋ ಮುಂಚೆ ನಿಮ್ಮ ಹತ್ರ ಒಂದು ಕೇಳ್ಬೇಕು."

ಬಗ್ಗಿ ನೋಡಿದೆ. ಬಾಲದ ತುದಿಯಲ್ಲಿ, ಕೆಳಗಡೆ, ವಿಮಾನವನ್ನು ನೆಲಕ್ಕೆ ಹಗ್ಗದಿಂದ ಕಟ್ಟುವ ಒಂದು ಕಬ್ಬಿಣದ ಬಳೆ ಇರುತ್ತದೆ. ಅಲ್ಲಿ ಹೊಸ ಬಳೆ ಇತ್ತು. ಹಳೆಯದು ಅವಳ ಅಂಗೈಯಲ್ಲಿತ್ತು. ಅದರ ಅರ್ಧ ಸವೆದೇ ಹೋಗಿತ್ತು. ಸವೆದ ಕಡೆ ಬೆಳ್ಳಗೆ ಹೊಳೆಯುತ್ತಿತ್ತು.

"ಇದು ಯಾವಾಗ ಆಯ್ತು?" ಎಂದಳು.

"ಯಾವುದು?"

"ಇಳಿಯೋವಾಗ ಮೂಗು ವಿಪರೀತ ಎತ್ತಿದೀರಿ. ಬಾಲ ರನ್‌ವೇಗೆ ಹೊಡೆದಿದೆ. ಹೊಡೆದು ಹಾಗೇ ಉಜ್ಕೊಂಡು ಹೋಗಿದೆ. ತುಕ್ಕು ಹತ್ತಿಲ್ಲ, ಹೊಳೀತಿದೆ. ಹಳೇದಲ್ಲ ಇದು."

"ನಾನಲ್ಲ," ಎಂದೆ.

"ಬೇರೆ ಯಾರು ಹಾರಿಸ್ತಾರೆ ಇದನ್ನ?"

"ಯಾರೂ ಇಲ್ಲ! ಯಾರಿಗೂ ಮುಟ್ಟೋಕೆ ಬಿಡಲ್ಲ ನಾನು. ಆಯ್ತಪ್ಪ ತಳ್ಳೋವಾಗ ಎಲ್ಲಾದ್ರೂ ತಾಗಿಸಿರ್ತಾನೆ."

"ತಳ್ಳಿದ್ರೆ ಬಾಲ ನೆಲ ಮುಟ್ಟಲ್ಲ. ಅದು ನಿಮ್ಗೂ ಗೊತ್ತು."

"ಹಾಗಾದ್ರೆ ನೀವೇ ಉಜ್ಜಿರ್ತೀರಿ! ಒಂದು ವಾರದಿಂದ ಒಂದು ಐಬು ಸಿಗ್ಲಿಲ್ಲ ಅಂತ ಅರ ತಗೊಂಡು ಉಜ್ಜಿ ನನ್ನ ಮುಂದೆ ಹಿಡೀತಿದೀರಿ! ನನ್ನ ಮಗಳು ಹೇಳಿಕೊಟ್ಳಾ?"

ಕಾಲಿಗೆ ಸಿಕ್ಕಿದ ಡಬ್ಬಿಯನ್ನು ಒದ್ದುಬಿಟ್ಟೆ. ಸ್ಕ್ರೂಗಳು ಆ ಚೊಕ್ಕಟ ನೆಲದ ಮೇಲೆಲ್ಲ ಚೆಲ್ಲಾಪಿಲ್ಲಿಯಾದವು. ಅವಳು ಕೂತಲ್ಲಿಂದ ಅಲುಗಲಿಲ್ಲ. ಅವಳಿಗೂ ಸಿಟ್ಟು ಬಂದಿತ್ತು, ಕೆನ್ನೆ ಕೆಂಪಾಗಿತ್ತು. ಆದರೂ ಒಂದೊಂದೇ ಮಾತು ಅಳೆದು ಹೇಳಿದಳು.

"ಪೆಟ್ರೋಲ್ ಟ್ಯಾಂಕ್ ಖಾಲಿ ಮಾಡಿದ್ನಲ್ಲ ಮೊದಲನೇ ದಿನ. ಎಡಗಡೆ ರೆಕ್ಕೆಯ ಟ್ಯಾಂಕಿನಿಂದ ಒಂದು ಲೋಟ ಕೂಡ ಬರ್ಲಿಲ್ಲ. ಬಲಗಡೆದು ಕಂಠಮಟ್ಟ ತುಂಬಿತ್ತು. ಟ್ಯಾಂಕ್ ಬದಲಾಯ್ಸೋ ಗುಬುಟ ಎಡಕ್ಕೇ ಇತ್ತು."

ನಾನು ಎಡಗಡೆ ರೆಕ್ಕೆಯತ್ತ ತಿರುಗಿ ನೋಡಿದೆ.

ನನ್ನ ವಿಮಾನದ ಒಂದೊಂದು ರೆಕ್ಕೆಯಲ್ಲೂ ಒಂದೊಂದು ಟ್ಯಾಂಕು. ಎಂಜಿನ್ ಒಂದು ಸಲಕ್ಕೆ ಒಂದರಿಂದ ಮಾತ್ರ ಕುಡಿಯುತ್ತದೆ. ಸ್ವಲ್ಪ ಹೊತ್ತು ಎಡದ್ದು, ಸ್ವಲ್ಪ ಹೊತ್ತು ಬಲದ್ದು, ಕಾಲಿನ ಹತ್ತಿರದ ಗುಬುಟ ತಿರುಗಿಸುತ್ತಿರಬೇಕು. ಹಾರಲು ಕಲಿಯುವವನಿಗೆ ಮೊದಲ ದಿನ ಹೇಳಿಕೊಡುವುದು ಅದನ್ನು. ತಿರುಗಿಸದಿದ್ದರೆ ಒಂದು ಕಡೆ ತುಂಬಿ ತುಳುಕುತ್ತಿದ್ದರೂ ಎಂಜಿನ್ ಆಕಾಶದಲ್ಲೇ ನಿಂತುಹೋಗುತ್ತದೆ.

"ಕೊನೇ ಸಲ ಹಾರಿದಾಗ ತಿರುಗಿಸಿದ ನೆನಪಿದ್ಯಾ?" ಎಂದಳು.

'ಇದೆ' ಎನ್ನಬೇಕೆಂದುಕೊಂಡೆ. ಆ ದಿನವನ್ನು ನೆನಪಿಗೆ ಎಳೆದೆ. ಬಿಸಿಲು ನೆನಪಿತ್ತು. ಕೆರೆಯ ಮೇಲೆ ಹೋದದ್ದು ನೆನಪಿತ್ತು. ಆಮೇಲೆ ಕ್ಯಾಂಟೀನಿನಲ್ಲಿ ಟೀ ತಣ್ಣಗಿದೆ ಎಂದು ಬೈದದ್ದು ನೆನಪಿತ್ತು. ಕೆರೆಗೂ ಟೀಗೂ ನಡುವೆ ನಾನು ವಿಮಾನವನ್ನು ನೆಲಕ್ಕಿಳಿಸಿದ್ದೆ. ಅದು ನನಗೆ ನೆನಪಿರಲಿಲ್ಲ. ಬಾಲ ಹೊಡೆದರೆ ಆಗುವ ಸದ್ದು ನಾನು ಕೇಳಿ ಬಲ್ಲೆ, ಇನ್ನೊಬ್ಬರ ವಿಮಾನದ್ದು. ಇಡೀ ಸಾಲಿನ ಶೆಡ್ಡುಗಳಿಗೆ ಕೇಳುತ್ತದೆ ಅದು. ಒಳಗೆ ಕೂತಿದ್ದ ನನಗೆ ಕೇಳಿರಲಿಲ್ಲ, ಅಥವಾ ಕೇಳಿಯೂ ಟೀ ಕುಡಿಯುವಷ್ಟರಲ್ಲಿ ಮರೆತಿದ್ದೆ.

ಯಾರನ್ನಾದರೂ ಹಿಡಿದು ಬಡಿಯಬೇಕೆನ್ನಿಸಿತು. ಬಡಿಯಲು ಯಾರೂ ಇರಲಿಲ್ಲ. ನೆಲದ ಮೇಲೆ ಕೂತು ಸ್ಕ್ರೂಗಳನ್ನು ಆರಿಸತೊಡಗಿದೆ. ಕೈ ನಡುಗುತ್ತಿದ್ದುದರಿಂದ ಒಂದೂ ನೆಟ್ಟಗೆ ಸಿಗುತ್ತಿರಲಿಲ್ಲ.

"ಬಾಲದ ಒಳಗೆಲ್ಲ ನೋಡಿದೀನಿ. ಏಟು ಒಳಗೆ ಹೋಗಿಲ್ಲ," ಎಂದಳು ಇಲ್ಲಮ್ಮ. ಅವಳೂ ಮಣೆಯಿಂದ ಇಳಿದು ಸ್ಕ್ರೂ ಆರಿಸುತ್ತಿದ್ದಳು. "ವಿಮಾನದಲ್ಲಿ ದೋಷ ಇಲ್ಲ. ಇಲ್ಲದಿದ್ದ ಮೇಲೆ ನಾನು ಸಹಿ ಹಾಕ್ಲೇಬೇಕು. ಹಾರ್ಸೋರ ಬಗ್ಗೆ ಸಹಿ ಹಾಕೋ ಕೆಲಸ ನಂದಲ್ಲ."

"ನನ್ನ ಮಗಳಿಗೆ ಹೇಳ್ತೀರಾ?"

"ಅವರು ಕೇಳಿರೋದು ವಿಮಾನ ಹೇಗಿದೆ ಅಂತ. ಅದಕ್ಕೆ ಉತ್ತರ ಕೊಡ್ತೀನಿ. ಉಳಿದಿದ್ದು ನಿಮ್ಮ ಬಾಯಿಂದ ಬಂದ್ರೆ ಚೆನ್ನ."

ಹೊರಗೆ ಕಾರು ನಿಂತ ಸದ್ದಾಯಿತು. ನಾನು ಮಂಡಿ ಹಿಡಿದುಕೊಂಡು ಎದ್ದೆ, ಅಂಗಿಯ ಧೂಳು ಕೊಡವಿದೆ. ಪುಟ್ಟಿ ಎಲ್ಲರಿಗಿಂತ ಮುಂದೆ ಓಡಿಬಂದಳು. ಅವಳ ತಲೆಗೆ ನನ್ನ ಹಳೆಯ ಹೆಡ್‌ಫೋನ್, ಕಿವಿಯಿಂದ ಜಾರಿ ಕೊರಳಿಗೆ ಬೀಳುತ್ತಿತ್ತು. ಹಿಂದೆ ನನ್ನ ಹೆಂಡತಿ. ಕೊನೆಯಲ್ಲಿ ಮಗಳು, ಎದೆಯ ಮೇಲೆ ಕೈ ಕಟ್ಟಿಕೊಂಡು.

"ಹೇಳಿ. ಹೇಗಿದೆ?" ಎಂದಳು ಮಗಳು ಇಲ್ಲಮ್ಮನಿಗೆ.

"ವಿಮಾನ ಚೆನ್ನಾಗಿದೆ."

"ಚೆನ್ನಾಗಿದೆಯಾ? ಪೂರ್ತಿ?"

"ಪೂರ್ತಿ. ಸಹಿ ಹಾಕ್ತೀನಿ."

ಮಗಳು ಕಟ್ಟಿದ್ದ ಕೈ ಬಿಚ್ಚಿದಳು. ಸೋಲು ನುಂಗುವುದು ಅವಳಿಗೂ ಕಷ್ಟ, ನನಗೆ ಗೊತ್ತು. ಆಮೇಲೆ ಮೂಗೆಳೆದುಕೊಂಡು ನಕ್ಕುಬಿಟ್ಟಳು. "ಸರಿ ಅಪ್ಪ, ಸೋತೆ. ತಪ್ಪಾಯ್ತು. ಮಾತಂದ್ರೆ ಮಾತು. ಇವತ್ತೇ ಕರ್ಕೊಂಡ್ ಹೋಗು, ನಾನು ಇಲ್ಲೇ ನಿಂತು ನೋಡ್ತೀನಿ." ಪುಟ್ಟಿಯನ್ನು ಎತ್ತಿ ರೆಕ್ಕೆಯ ಮೇಲೆ ನಿಲ್ಲಿಸಿದಳು. ಮಗು ಬಾಗಿಲಿನ ಹಿಡಿಗೆ ಕೈ ಹಾಕಿತು.

ಇಲ್ಲಮ್ಮ ಬಾಯಿ ತೆರೆದಳು. ಅವಳು ಮಾತಾಡುವ ಮೊದಲೇ ನಾನು ಅಬ್ಬರಿಸಿದೆ.

"ಇಳಿಸೇ ಮಗೂನ! ಇವಳ ಸಹಿ ನಂಬ್ಕೊಂಡು ನಾನು ಹಾರಲ್ಲ!"

ಎಲ್ಲರೂ ತಿರುಗಿ ನೋಡಿದರು.

"ಏನ್ರೀ ಇದು?" ಎಂದಳು ನನ್ನ ಹೆಂಡತಿ.

"ಏನಾ? ಇವಳಿಗೆ ಕೆಲಸ ಗೊತ್ತಿಲ್ಲ! ಒಂದು ವಾರ ನೋಡ್ದೆ. ಬರೀ ಜಂಬ. ಕನ್ನಡಿ ತೂರಿಸೋದು, ಹೂಂ ಅನ್ನೋದು. ಇಂಥೋಳ ಮಾತು ಕೇಳಿ ನನ್ನ ಮೊಮ್ಮಗಳನ್ನ ಕೂರಿಸ್ಕೊಳ್ಳೋಕೆ ನನಗೇನು ತಲೆ ಕೆಟ್ಟಿದ್ಯಾ? ಬೇರೆ ಮೆಕ್ಯಾನಿಕ್ ಹುಡುಕ್ಬೇಕು."

ಇಲ್ಲಮ್ಮನ ಕೆನ್ನೆ ಮತ್ತೆ ಕೆಂಪಾಯಿತು. ಈ ಸುತ್ತಮುತ್ತ ತನಗಿಂತ ಚೆನ್ನಾಗಿ ನೋಡುವವರಿಲ್ಲ ಎಂದವಳು, ತನ್ನದೇ ಶೆಡ್ಡಿನಲ್ಲಿ, ತನ್ನದೇ ಸ್ಪ್ಯಾನರುಗಳ ಮುಂದೆ ನಿಂತು ನನ್ನನ್ನು ನೋಡಿದಳು. ನಾನು ಅವಳ ಕಣ್ಣು ತಪ್ಪಿಸಿದೆ.

"ಇರ್ಬಹುದು," ಎಂದಳು ಕೊನೆಗೆ. "ನನ್ನ ಕಣ್ಣಿಗೆ ಬೀಳದ್ದು ಏನಾದ್ರೂ ಇರ್ಬಹುದು. ಯಜಮಾನ್ರಿಗೆ ಸಮಾಧಾನ ಇಲ್ದಿದ್ರೆ ಬೇರೆಯವರಿಗೆ ತೋರಿಸ್ಲಿ."

ಮಗಳು ಕೆಂಡವಾದಳು. "ಅಪ್ಪ! ನಿಂಗೆ ನಾಚಿಕೆ ಆಗಲ್ವಾ? ಅವರು ಸರಿಯಿಲ್ಲ ಅಂದಿದ್ರೂ ಬೈತಿದ್ದೆ, ಸರಿ ಅಂದ್ರೂ ಬೈತೀಯಾ? ಮಗು ಎರಡು ದಿನದಿಂದ ನಿದ್ದೆ ಮಾಡಿಲ್ಲ! ಸರಿ, ಇವರು ಬೇಡ್ವಾ? ಈಗ್ಲೇ ಹೋಗಿ ನಿನ್ನ ಆಯ್ತಪ್ಪನ್ನೇ ಎಳ್ಕೊಂಡು ಬರ್ತೀನಿ. ಅವನೂ ನೋಡ್ಲಿ, ಅವನೂ ಸಹಿ ಹಾಕ್ಲಿ, ಆಗ ಏನು ನೆಪ ಹೇಳ್ತೀಯೋ..."

"ಬೇಡ! ಅವನಿಗೇನು ಗೊತ್ತು ವಿಮಾನ?"

ಮಗಳ ಮಾತು ಅಲ್ಲೇ ನಿಂತಿತು. ಹುಟ್ಟಿದಾಗಿನಿಂದ ಅರ್ಧ ಮಾತಿಗೆ ನಿಲ್ಲಿಸಿದವಳಲ್ಲ ಅವಳು. ನನ್ನನ್ನು ನೋಡಿದಳು. ಗೋಡೆಗೆ ಮುಖ ಮಾಡಿ ಸ್ಪ್ಯಾನರುಗಳನ್ನು ಸುಮ್ಮನೆ ಒರೆಸುತ್ತಿದ್ದ ಇಲ್ಲಮ್ಮನನ್ನು ನೋಡಿದಳು. ಮತ್ತೆ ನನ್ನನ್ನು ನೋಡಿದಳು, ಈ ಸಲ ನನ್ನ ಕೈಗಳನ್ನು. ಕೈಗಳನ್ನು ಜೇಬಿಗೆ ತುರುಕಿಕೊಂಡೆ.

ಅವಳು ಹೋಗಿ ಪುಟ್ಟಿಯನ್ನು ರೆಕ್ಕೆಯಿಂದ ಇಳಿಸಿದಳು. ಮಗು ಬಿಕ್ಕಳಿಸುತ್ತಿತ್ತು. "ತಾತ, ಮತ್ಯಾವಾಗ?"

"ಒಳ್ಳೆ ಮೆಕ್ಯಾನಿಕ್ ಸಿಗ್ಲಿ, ಪುಟ್ಟಿ," ಎಂದೆ.

"ಹೌದು ಚಿನ್ನ. ತಾತ ಹೇಳೋದು ಸರಿ," ಎಂದಳು ಮಗಳು. "ಹುಡುಕೋಣ ಅಪ್ಪ. ಒಳ್ಳೆಯವರು ಸಿಗೋದು ಕಷ್ಟ, ಟೈಮ್ ಆಗತ್ತೆ. ಅವಸರ ಏನಿಲ್ಲ."

ಪುಟ್ಟಿಗೆ ಜ್ವರ ಬಂದಾಗ ಔಷಧಿ ಕುಡಿಸುವ ದನಿ ಅದು. ಆ ದನಿಯಲ್ಲಿ ಅವಳು ನನ್ನ ಹತ್ತಿರ ಎಂದೂ ಮಾತಾಡಿದವಳಲ್ಲ. ಹತ್ತಿರ ಬಂದು ನನ್ನ ತೋಳು ಹಿಡಿದಳು. ಶೆಡ್ಡಿನ ಬಾಗಿಲಿನಲ್ಲಿ ಒಂದು ಸಣ್ಣ ಹೊಸ್ತಿಲಿತ್ತು. ವಾರವಿಡೀ ನಾನು ದಾಟಿದ ಹೊಸ್ತಿಲು.

"ಇಲ್ಲಿ ಎತ್ತರ ಇದೆ ಅಪ್ಪ, ನೋಡ್ಕೊಂಡು."

"ಗೊತ್ತು ಕಣೇ! ನನಗೇನು ಕಣ್ಣಿಲ್ವಾ? ಬಿಡು ಕೈ!"

ಅವಳು ಬಿಡಲಿಲ್ಲ. ಎದುರು ಮಾತೂ ಆಡಲಿಲ್ಲ.

"ಏನೇ, ಬಾಯಿ ಬಿದ್ದು ಹೋಯ್ತಾ?" ಎಂದು ಕಿರುಚಿದೆ. ಸಾಲಿನ ಶೆಡ್ಡುಗಳಿಂದ ಜನ ಹೊರಗೆ ಬಂದು ನೋಡಿದರು. "ಬೈಯೇ! ಜಗಳ ಆಡೇ ನನ್ನ ಹತ್ರ!"

"ಹೂಂ ಅಪ್ಪ," ಎಂದಳು ಮಗಳು, ನನ್ನ ಹೆಜ್ಜೆಗೆ ಹೆಜ್ಜೆ ಹಾಕುತ್ತಾ, ಮೆಲ್ಲಗೆ.